ಶಿವಬಸಮ್ಮನವರ ಭಂಗಿಯ ಅರ್ಥ ತಿದ್ದಿ ಕಾರ್ಡು ನವೀಕರಿಸುವ ಬಗ್ಗೆ

ದಿನಾಂಕ: 17-9-2022

ಇಂದ,
ಶ್ರೀಮತಿ ಶಿವಬಸಮ್ಮ ಕೋಂ ಶಿವಬಸಪ್ಪ,
ವಯಸ್ಸು 72, ಉದ್ಯೋಗ ಮನೆಗೆಲಸ ಹಾಗೂ ಮನೆಯವರ ಮೇಲ್ವಿಚಾರಣೆ,
ಸಾಕಿನ್ ಗೈದರ್ಸ್‌ಬರ್ಗ್, ಮೇರಿಲ್ಯಾಂಡ್.
(ಅರ್ಜಿದಾರರ ಪರವಾಗಿ ಬರೆದವರು: ಅವರ ಗಂಡ, ನಿವೃತ್ತ ಶಿರಸ್ತೇದಾರ, ತಹಶೀಲ್ದಾರ ಕಚೇರಿ, ಬೈಲಹೊಂಗಲ)

ಗೆ,
ಮಾನ್ಯ ಮೇಲ್ಮನವಿ ಅಧಿಕಾರಿಗಳು,
ಹನಿಸಕಲ್ ಬೆಂಡ್ ನೋವು ನಿವಾರಣಾ ಕ್ಲಿನಿಕ್.

ವಿಷಯ: ವೈದ್ಯಕೀಯ ಗಾಂಜಾ ಕಾರ್ಡಿನ ನವೀಕರಣವನ್ನು "ರೋಗಿಯು ಯೋಗಾಸನದಿಂದಲೇ ಆರಾಮವಾಗಿದ್ದಾರೆ" ಎಂಬ ಕಾರಣ ಕೊಟ್ಟು ತಿರಸ್ಕರಿಸಿದ್ದರ ವಿರುದ್ಧ, ಹುಟ್ಟಿದಾರಭ್ಯ ಒಂದೂ ಆಸನ ಹಾಕದವರ ಮೇಲ್ಮನವಿ.

ಉಲ್ಲೇಖ:
1. ವಿಡಿಯೋ ಮೂಲಕ ನಡೆದ ವೈದ್ಯಕೀಯ ತಪಾಸಣೆ, ದಿನಾಂಕ 6-9-2022.
2. ತಮ್ಮ ಕ್ಲಿನಿಕ್ಕಿನ ತಿರಸ್ಕಾರ ಪತ್ರ, ದಿನಾಂಕ 12-9-2022.
3. ಸದರಿ ಪತ್ರ ಓದಿ ಹೇಳಿದಾಗ ಅರ್ಜಿದಾರರು ಗಂಡನಿಗೆ ಮೌಖಿಕವಾಗಿ ಹೊರಡಿಸಿದ ಆದೇಶ, 15-9-2022.

ಮಾನ್ಯರೇ,

ಉಲ್ಲೇಖ 2ರ ಕೊನೆಯ ಪುಟದಲ್ಲಿ ಹದಿನಾಲ್ಕು ಭಾಷೆಗಳ ನಡುವೆ, ಹನ್ನೊಂದನೆಯ ಸಾಲಿನಲ್ಲಿ, "ಈ ಪತ್ರಕ್ಕೆ ನೀವು ನಿಮ್ಮ ಭಾಷೆಯಲ್ಲಿ ಉತ್ತರಿಸಬಹುದು" ಎಂದು ಕನ್ನಡದಲ್ಲಿ ಅಚ್ಚಾಗಿದೆ. ಅರ್ಜಿದಾರರ ಗಂಡ ಶಿವಬಸಪ್ಪನವರು ನಿವೃತ್ತರಾಗಿ ಇಪ್ಪತ್ತು ವರ್ಷವಾಯಿತು. ಅಷ್ಟೂ ವರ್ಷ ಅವರಿಗೆ ಯಾರೂ ಒಂದು ಅರ್ಜಿ ಬರೆಯಿರಿ ಎಂದು ಕೇಳಿದ್ದಿಲ್ಲ. ಆ ಸಾಲನ್ನು ಅವರು ಮೂರು ಸಲ ಜೋರಾಗಿ ಓದಿದರು, ಮಗಳು ಭಾವನಾಳಿಂದ ಮಾರ್ಜಿನ್ ಇರುವ ಕಾಗದ ತರಿಸಿದರು, ಪೆನ್ನಿಗೆ ಶಾಯಿ ತುಂಬಿದರು. ಆದ್ದರಿಂದ ಈ ಅರ್ಜಿ ತುಸು ಉದ್ದವಾದರೆ ಅದಕ್ಕೆ ತಮ್ಮ ಹನ್ನೊಂದನೆಯ ಸಾಲೇ ಕಾರಣವೆಂದು ಭಾವಿಸತಕ್ಕದ್ದು.

1. ಮೊದಲು ಹೆಸರಿನ ವಿಚಾರ. "ಕೋಂ" ಎಂದರೆ ನಮ್ಮ ಕಚೇರಿ ಭಾಷೆಯಲ್ಲಿ "ಇಂಥವರ ಹೆಂಡತಿ" ಎಂದು. ಅದು ಅರ್ಜಿದಾರರ ಮನೆತನದ ಹೆಸರಲ್ಲ. ಆದರೂ ಪಾಸ್‌ಪೋರ್ಟಿನಿಂದ ಹಿಡಿದು ತಮ್ಮ ಕಾರ್ಡಿನವರೆಗೆ ಅವರು "ಮಿಸೆಸ್ ಕೋಂ" ಆಗಿಯೇ ಉಳಿದಿದ್ದಾರೆ. 2018ರಲ್ಲಿ ಈ ದೇಶದ ಪ್ರಜೆಯಾಗುವಾಗಲೂ ಮಿಸೆಸ್ ಕೋಂ ಎಂದೇ ಕೈಯೆತ್ತಿ ಪ್ರಮಾಣ ಮಾಡಿದರು. ಇದರ ಬಗ್ಗೆ ಅವರದೇನೂ ತಕರಾರಿಲ್ಲ. ಒಂದು ಶಬ್ದ ಇಲ್ಲಿಗೆ ಬಂದರೆ ಏನು ಬೇಕಾದರೂ ಆಗಬಹುದು ಎಂಬುದಕ್ಕೆ ಪೀಠಿಕೆಯಾಗಿ ಮಾತ್ರ ಇದನ್ನು ನಮೂದಿಸಲಾಗಿದೆ.

2. ಅರ್ಜಿದಾರರಿಗೆ 2020ರ ಡಿಸೆಂಬರಿನಲ್ಲಿ ಬೆನ್ನು ಪಕ್ಕೆಗೆ ಸರ್ಪಸುತ್ತು ಎದ್ದಿತು. ಗುಳ್ಳೆ ಒಣಗಿದವು, ನೋವು ಒಣಗಲಿಲ್ಲ. ಬಟ್ಟೆ ತಾಗಿದರೆ ಸಾಕು, ಕೆಂಡ ಸವರಿದಂತೆ. ಐವತ್ತು ವರ್ಷ ಇಳಕಲ್ಲ ಸೀರೆಯ ಹೊರತು ಬೇರೇನನ್ನೂ ಉಡದವರು ಅಳಿಯ ಸೌರಭನ ಕಂಪನಿಯ ಟಿ-ಶರ್ಟನ್ನು ಒಳಗು ಹೊರಗು ಮಾಡಿ ಹಾಕಿಕೊಂಡು ಕೂರುವಂತಾಯಿತು. ಹೊಲಿಗೆ ಚುಚ್ಚುತ್ತದೆಂದು ಒಳಗು ಹೊರಗು. ಮಾತ್ರೆಗಳಿಂದ ನಿದ್ದೆ ಬಂತೇ ವಿನಾ ನೋವು ಹೋಗಲಿಲ್ಲ. ಕಳೆದ ವರ್ಷ ತಮ್ಮ ಡಾಕ್ಟರಮ್ಮ ಶಿಫಾರಸು ಬರೆದುಕೊಟ್ಟರು, ಕಾರ್ಡು ಬಂತು, ಕಾರ್ಡಿಗೆ ಔಷಧಿ ಸೊಪ್ಪು ಬೆರೆಸಿದ ಕೆಂಪು ಮಿಠಾಯಿ ಬಂತು. ದಿನಾ ಸಂಜೆ ಆರಕ್ಕೆ ಅರ್ಧ. ಏಳು ಗಂಟೆಗೆ ಅರ್ಜಿದಾರರು ಕುಪ್ಪಸ ತೊಟ್ಟು, ಸೀರೆ ಉಟ್ಟು, ಬಂದು ಕುರ್ಚಿಗೆ ಬೆನ್ನು ಆನಿಸಿ ಕೂರುತ್ತಾರೆ.

ಇಷ್ಟೇ ಅಲ್ಲ. ಏಳೂಕಾಲಕ್ಕೆ ನಗುತ್ತಾರೆ.

ಶಿವಬಸಪ್ಪನವರ ಬಳಿ ತಹಶೀಲ್ದಾರ ಕಚೇರಿಯ ಕತೆಗಳು ಒಟ್ಟು ಹತ್ತೊಂಬತ್ತಿವೆ. ಮದುವೆಯಾದಾಗಿನಿಂದ ಅರ್ಜಿದಾರರು ಅವನ್ನೆಲ್ಲ ಕೇಳಿದ್ದಾರೆ, ಒಂದಕ್ಕೂ ನಕ್ಕಿದ್ದಿಲ್ಲ. ಕಳೆದ ಅಕ್ಟೋಬರಿನಲ್ಲಿ ಒಂದು ಸಂಜೆ, ಜವಾನ ಕರಬಸಪ್ಪ ಸಾಹೇಬರ ಕುರ್ಚಿಯನ್ನೇ ಜಪ್ತಿ ಮಾಡಿದ ಕತೆಗೆ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ತಡೀರಿ, ತಡೀರಿ, ಕುರ್ಚಿಮ್ಯಾಲ ಸಾಹೇಬ್ರು ಇದ್ರೇನು?" ಎಂದು ಕೇಳಿದರು. ಇದ್ದರು ಎಂದಾಗ ಮತ್ತೊಮ್ಮೆ ನಕ್ಕರು. ಈ ಸಂಗತಿಗೂ ಕಾರ್ಡಿಗೂ ನೇರ ಸಂಬಂಧವಿದೆ.

3. ಹೀಗಿರುತ್ತಾ ಉಲ್ಲೇಖ 1ರ ತಪಾಸಣೆ ನಡೆಯಿತು. ಮನೆಯವರು ಭಾಷಾಂತರ ಮಾಡಕೂಡದೆಂಬುದು ತಮ್ಮ ನಿಯಮ. ಆದಕಾರಣ ಫೋನಿನಲ್ಲಿ ಒಬ್ಬ ದ್ವಿಭಾಷಿಯನ್ನು ಸೇರಿಸಲಾಯಿತು. ಹೆಸರು ಹೇಳುವಂತಿಲ್ಲವಂತೆ. ಸಂಖ್ಯೆ 4417. ಮಾತಿನ ಮೇಲೆ ಮೈಸೂರು ಕಡೆಯ ಹೆಣ್ಣುಮಗಳು. ಶಿವಬಸಪ್ಪನವರಿಗೆ ಪಕ್ಕದಲ್ಲಿ ಕೂರಲು ಅವಕಾಶವಿತ್ತು, ಬಾಯಿ ತೆರೆಯಲು ಇರಲಿಲ್ಲ. ಸಂಭಾಷಣೆಯು ಈ ಕೆಳಗಿನಂತಿತ್ತು:

"ಅಮ್ಮಾ, ನೋವಿಗೆ ಏನು ಮಾಡ್ತೀರಾ ಅಂತ ಡಾಕ್ಟ್ರು ಕೇಳ್ತಿದಾರೆ."

"ಏನ್ ಮಾಡೂದವ್ವಾ, ದಿನಾ ಸಂಜಿ ಆರಕ್ಕ ಭಂಗಿ ತಗೋತೀನಿ. ಆಮ್ಯಾಲ ಆರಾಮ ಅಕ್ಕೈತಿ."

"ಭಂಗೀನಾ? ದಿನಾನೂನಾ?"

"ದಿನಾ. ತಪ್ಸಂಗಿಲ್ಲ."

"ಈ ವಯಸ್ಸಲ್ಲಿ! ಸೂಪರ್ ಅಮ್ಮಾ ನೀವು. ಪೂರ್ತಿ ಆಗುತ್ತಾ?"

"ಪೂರ್ತಿ ಎಲ್ಲಿದವ್ವಾ. ಅರ್ಧ. ಒಮ್ಮೆ ಪೂರ್ತಿ ತಗೊಂಡು ತಲಿ ಗಿರ್ ಅಂದು ಸೋಫಾದಾಗ ಕುಂತಾಕಿ ಏಳಲೇ ಇಲ್ಲ."

"ಅಯ್ಯೋ, ಹುಷಾರಮ್ಮಾ. ಯಾರು ಹೇಳ್ಕೊಟ್ಟಿದ್ದು?"

"ಈ ಡಾಕ್ಟರ ಬಾಯಾರೇ ಅಲ್ಲೇನು!"

ಇದನ್ನು ಕೇಳಿ ತಮ್ಮ ಡಾಕ್ಟರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ತಾವು ಯಾವಾಗ ಕಲಿಸಿದ್ದೆಂದು ನೆನಪಾಗದಿದ್ದರೂ ಅಲ್ಲಗಳೆಯಲಿಲ್ಲ. ಬಳಿಕ ಏನೋ ಕೇಳಿದರು. ದ್ವಿಭಾಷಿ ದನಿ ತಗ್ಗಿಸಿ, "ಅಮ್ಮಾ, ತಪ್ಪು ತಿಳ್ಕೋಬೇಡಿ, ಕೇಳ್ಲೇಬೇಕಂತೆ. ಗಾಂಜಾ ಬಳಸ್ತೀರಾ?" ಎಂದರು.

"ಅಯ್ಯ ಶಿವನ! ಗಾಂಜಾನ? ನಾವು ಅಂಥಾ ಮಂದಿ ಅಲ್ರೀ!"

ಡಾಕ್ಟರಮ್ಮ ಬಹಳ ಸಂತೋಷದಿಂದ ಬೆರಳೆತ್ತಿ ಶಾಬಾಶ್ ಎಂಬಂತೆ ತೋರಿಸಿದರು. ಕೆಲಸವಾಯಿತೆಂದು ತಿಳಿದ ಶಿವಬಸಪ್ಪನವರು ನಿಯಮ ಮೀರಿ "ಥ್ಯಾಂಕ್ಯೂ ಮೇಡಮ್" ಎಂದರು.

4. ಈಗ ಶಬ್ದಾರ್ಥ. ಬೆಳಗಾವಿ, ಧಾರವಾಡ ಸೀಮೆಯಲ್ಲಿ ಭಂಗಿ ಎಂದರೆ ಸೊಪ್ಪು. ಕಾರ್ಡಿಗೆ ಬರುವ ಸೊಪ್ಪು. ತುಂಗಭದ್ರೆ ದಾಟಿ ಮೈಸೂರಿಗೆ ಹೋದರೆ ಭಂಗಿ ಎಂದರೆ ಮೈಯನ್ನು ಹೀಗೆ ಹಾಗೆ ನಿಲ್ಲಿಸುವ ರೀತಿ, ಯೋಗದವರದು, ನಾಟ್ಯದವರದು. ಎರಡೂ ಶುದ್ಧ ಕನ್ನಡವೇ. ಗಾಂಜಾ ಎಂಬುದು ಅರ್ಜಿದಾರರ ಪ್ರಕಾರ ಪುಂಡರು ಬಸ್‌ಸ್ಟ್ಯಾಂಡಿನ ಹಿಂದೆ ಸೇದುವಂಥದು. ಭಂಗಿ ಡಾಕ್ಟರು ಬರೆದುಕೊಡುವಂಥದು. (ಈ ಅರ್ಜಿಯ "ವಿಷಯ"ದಲ್ಲಿ ಬಂದಿರುವ ಆ ಶಬ್ದವನ್ನು ಅರ್ಜಿದಾರರಿಗೆ ಓದಿ ಹೇಳುವಾಗ ಕೆಮ್ಮಿ ದಾಟಿಸಲಾಗಿದೆ.)

ಇದರಲ್ಲಿ ದ್ವಿಭಾಷಿಯದು ತಪ್ಪಿಲ್ಲ. ತಪ್ಪಿದ್ದರೆ ಶಿವಬಸಪ್ಪನವರದು. 1974ರಲ್ಲಿ ಇಲಾಖೆಯ ತರಬೇತಿಗೆಂದು ಮೈಸೂರಿಗೆ ಹೋದಾಗ ಅವರು ಒಂದು ಸ್ಟುಡಿಯೋದಲ್ಲಿ ಫೋಟೋಗೆ ಕುಳಿತಿದ್ದರು. ಫೋಟೋದವನು ಕರಿಬಟ್ಟೆಯೊಳಗಿಂದ "ಸಾರ್, ಒಳ್ಳೇ ಭಂಗಿ ಕೊಡಿ" ಎಂದ. "ಸರಕಾರಿ ನೌಕರ ಅದೀನಪಾ ನಾ, ನನ್ನ ಹತ್ರ ಎಲ್ಲಿ ಬರಬೇಕು" ಎಂದು ಇವರು ಎರಡೂ ಜೇಬು ಹೊರಕ್ಕೆಳೆದು ತೋರಿಸಿದರು. ಆ ಫೋಟೋ ಇಂದಿಗೂ ಇದೆ, ಜೇಬು ಸಮೇತ. ಅಂಥ ಅನುಭವಸ್ಥರು ಪಕ್ಕದಲ್ಲೇ ಕುಳಿತು ಗೋಣು ಆಡಿಸಿದರು ಎಂಬುದೇ ಉಲ್ಲೇಖ 3ರ ಆದೇಶದ ಸಾರಾಂಶ. ಉಳಿದ ಭಾಗ ಕಡತಕ್ಕೆ ಯೋಗ್ಯವಾಗಿಲ್ಲ.

5. ಅರ್ಜಿದಾರರ ಆಕ್ಷೇಪಣೆಯ ಮೇರೆಗೆ ಈ ಕಲಂ ರದ್ದು.

6. ತಿರಸ್ಕಾರ ಪತ್ರ ಬಂದ ದಿನ ಮೊಮ್ಮಗಳು ಶೀತಲ್ ಅದನ್ನು ಓದಿದಳು. ಆಕೆ ಇಲ್ಲಿಯೇ ಹುಟ್ಟಿ ಕಾಲೇಜಿಗೆ ಹೋಗುವವಳು. ಅಜ್ಜಿಯ ಮಿಠಾಯಿಯನ್ನು ಗೆರೆ ಹಿಡಿದಂತೆ ಅರ್ಧ ಮಾಡಿಕೊಡುವ ಜವಾಬ್ದಾರಿ ಆಕೆಯದು. ಪತ್ರದಲ್ಲಿ ಹೀಗಿತ್ತು: "ರೋಗಿಯು ಪ್ರತಿದಿನ ಅರ್ಧಭಂಗಿ ಮಾಡುತ್ತಾರೆ. ಒಮ್ಮೆ ಪೂರ್ಣಭಂಗಿಗೆ ಪ್ರಯತ್ನಿಸಿ ಸೋಫಾದಿಂದ ಏಳಲಾಗಲಿಲ್ಲ. ಗಾಂಜಾ ಬಳಕೆಯನ್ನು ಖಡಾಖಂಡಿತವಾಗಿ ನಿರಾಕರಿಸಿದ್ದಾರೆ. ಕಾರ್ಡಿನ ಅಗತ್ಯವಿಲ್ಲ."

"ಅಜ್ಜೀ, ನೀನು ಯೋಗ ಮಾಡ್ತೀಯಾ? ಸಿನ್ಸ್ ವೆನ್?" ಎಂದು ಶೀತಲ್ ಕೇಳಿದಳು.

"ಯಾವ ಯೋಗ? ಬಗ್ಗಿ ಚಪ್ಪಲಿ ಹಾಕ್ಕೊಳ್ಳಾಕ ಆಗವಲ್ದು ನನಗ!"

"ಇಲ್ಲಿ ಬರ್ದಿದಾರೆ. ಹಾಫ್ ಪೋಸ್. ಅಜ್ಜೀ, ಯು ಆರ್ ಲೈಕ್ ಅ ಲೆಜೆಂಡ್."

ಭಾವನಾ ಕ್ಲಿನಿಕ್ಕಿಗೆ ಫೋನು ಮಾಡಿದಳು. ರೋಗಿಯ ಹೇಳಿಕೆಯನ್ನು ಮಗಳು ತಿದ್ದಲು ಬರುವುದಿಲ್ಲ, ರೋಗಿಯೇ ಲಿಖಿತವಾಗಿ ಮನವಿ ಸಲ್ಲಿಸತಕ್ಕದ್ದು, ಅದರ ಪರಿಶೀಲನೆಗೆ ಮೂವತ್ತು ಕೆಲಸದ ದಿನ ಬೇಕು ಎಂದರು. ಶಿವಬಸಪ್ಪನವರು ಈ ಉತ್ತರವನ್ನು ಕೇಳಿ ಮನಸ್ಸಿನಲ್ಲಿಯೇ ಕೈಮುಗಿದರು. ಸ್ವತಃ ಮೂವತ್ತೆರಡು ವರ್ಷ ಇದೇ ಉತ್ತರ ಕೊಟ್ಟವರು ಅವರು. ಆದರೆ ಕೌಂಟರಿನ ಈಚೆ ಬದಿಯಿಂದ ಅದು ಹೇಗೆ ಕೇಳಿಸುತ್ತದೆಂದು ಅವರಿಗೆ ತಿಳಿದಿದ್ದು ಈಗಲೇ.

7. ಕಾರ್ಡಿನ ಅವಧಿ ಇದೇ 30ಕ್ಕೆ ಮುಗಿಯುತ್ತದೆ. ಅದು ಮುಗಿಯುವವರೆಗೆ ಅಂಗಡಿಗೆ ಹೋಗಬಹುದಲ್ಲ ಎಂದು ತಾವು ಕೇಳಬಹುದು. ಹೋಗಿದ್ದೆವು. ತಮ್ಮ ಪತ್ರ ಹೊರಟ ದಿನದಿಂದಲೇ ಕಾರ್ಡು ತಡೆಹಿಡಿಯಲ್ಪಟ್ಟಿದೆ ಎಂದು ಅಲ್ಲಿನ ಪರದೆ ತೋರಿಸಿತು. ಡಬ್ಬಿಯಲ್ಲಿ ಉಳಿದಿರುವುದು ಮಿಠಾಯಿ ಮೂರು. ಅಂದರೆ ಆರು ಸಂಜೆಗಳಿಗೆ. ಏಳನೆಯ ಸಂಜೆ ಅರ್ಜಿದಾರರು ಮತ್ತೆ ಅಳಿಯನ ಟಿ-ಶರ್ಟಿಗೆ ಹಿಂದಿರುಗುತ್ತಾರೆ. ಇನ್ನು ಕತೆಗಳ ವಿಷಯ: ಹತ್ತೊಂಬತ್ತರಲ್ಲಿ ಹದಿಮೂರಕ್ಕೆ ಮಾತ್ರ ಈವರೆಗೆ ನಗು ಮಂಜೂರಾಗಿದೆ. ಆರು ಬಾಕಿ ಇವೆ. ದಿನಕ್ಕೊಂದರಂತೆ ಮುಗಿಸಿಬಿಡೋಣವೆಂದು ಶಿವಬಸಪ್ಪನವರು ಲೆಕ್ಕ ಹಾಕುತ್ತಿದ್ದಾಗ ಅರ್ಜಿದಾರರು, "ಅವಸರ ಮಾಡಬ್ಯಾಡ್ರಿ. ಕರಬಸಪ್ಪಂದೇ ಇನ್ನೊಮ್ಮೆ ಹೇಳ್ರಿ" ಎಂದರು. ಕಲಂ 5ರಲ್ಲಿ ಏನಿತ್ತೆಂಬುದನ್ನು ತಾವು ಇಲ್ಲಿ ಊಹಿಸಿಕೊಳ್ಳಬಹುದು.

8. ಉಲ್ಲೇಖ 2ರ ಕೊನೆಯ ಪ್ಯಾರಾದಲ್ಲಿ ತಾವೇ ಒಂದು ಆದೇಶ ಹೊರಡಿಸಿದ್ದೀರಿ. "ದಿನಾಂಕ 21-9-2022ರ ವಿಡಿಯೋ ಭೇಟಿಯಲ್ಲಿ ರೋಗಿಯು ಸದರಿ ಭಂಗಿಯನ್ನು ಪ್ರದರ್ಶಿಸಿದರೆ ಇತರ ರೋಗಿಗಳಿಗೂ ಪ್ರಯೋಜನವಾದೀತು." ಅರ್ಜಿದಾರರು ಕಾನೂನು ಪಾಲಿಸುವವರು. ಪ್ರದರ್ಶಿಸಲು ಸಿದ್ಧರಿದ್ದಾರೆ. ಆದರೆ ಪ್ರದರ್ಶನಕ್ಕೆ ಭಂಗಿ ಬೇಕು, ಭಂಗಿಗೆ ಕಾರ್ಡು ಬೇಕು, ಕಾರ್ಡಿಗೆ ತಮ್ಮ ಶಿಫಾರಸು ಬೇಕು. ಇರುವ ಮೂರು ಮಿಠಾಯಿ ಸ್ವಂತ ಉಪಯೋಗದ್ದು. ಕಚೇರಿ ಕೆಲಸಕ್ಕೆ ಬಳಸುವುದು ನಿಯಮಬಾಹಿರ.

ಕಾರಣ, ಮೇಲೆ ವಿವರಿಸಿದ ಎಲ್ಲ ಸಂಗತಿಗಳನ್ನು ಪರಾಂಬರಿಸಿ, 21ರ ಪ್ರದರ್ಶನಕ್ಕೆ ಅನುಕೂಲವಾಗುವಂತೆ 20ರ ಒಳಗೆ ಕಾರ್ಡನ್ನು ನವೀಕರಿಸಿ, ತಮ್ಮ ಆದೇಶವನ್ನು ತಾವೇ ಊರ್ಜಿತಗೊಳಿಸಿಕೊಳ್ಳಬೇಕಾಗಿ ವಿನಂತಿ.

ಭಾಷಾಂತರಕಾರರ ಗಮನಕ್ಕೆ: ಈ ಅರ್ಜಿಯೂ ತಿರುಗಿ 4417ರವರ ಕೈಗೇ ಬರಬಹುದು. ಹಾಗಿದ್ದಲ್ಲಿ, ತಂಗೀ, ನಿಮ್ಮ ಮೇಲೆ ಸಿಟ್ಟಿಲ್ಲ. ಮುಂದಿನ ಸಲ "ಭಂಗಿ" ಬಂದಾಗ ಅದನ್ನು ಮುಟ್ಟದೆ ಹಾಗೆಯೇ ಬಿಡಿ. ಮೇಲಿನವರು ಅದರ ಅರ್ಥ ಕೇಳಿದರೆ "ಮೂರು ಪುಟ ಇದೆ" ಎನ್ನಿ.

ಹೀಗೆಂದು, ತಮ್ಮ ಮೇಲೆ ಪೂರ್ಣ ಹಾಗೂ ತಮ್ಮ ಫೋನಿನ ಮೇಲೆ ಅರ್ಧ ವಿಶ್ವಾಸವುಳ್ಳ,

(ಸಹಿ) ಶಿವಬಸಮ್ಮ
(ಓದಿ ಹೇಳಿಸಿ, ಮೂರು ಕಡೆ ಬೈದು, ಒಂದು ಕಲಂ ಹೊಡೆಸಿ, ಸರಿ ಇದೆ ಎಂದು ಒಪ್ಪಿ ಮಾಡಿದ ಸಹಿ)

ಬಿಕ್ಕಲಂ (ಬರೆದವರು): ಶಿವಬಸಪ್ಪ

ಅಡಕಗಳು:
1. ತಡೆಹಿಡಿದ ಕಾರ್ಡಿನ ನಕಲು, ಮಿಸೆಸ್ ಕೋಂ ಹೆಸರಿನಲ್ಲಿ.
2. ತಿರಸ್ಕಾರ ಪತ್ರದ ನಕಲು. "ಅರ್ಧಭಂಗಿ" ಎಂಬಲ್ಲಿ ಶೀತಲ್ ಬರೆದ ನಗುಮುಖವನ್ನು ಪರಿಗಣಿಸಬಾರದು.
3. ಮೈಸೂರಿನ ಫೋಟೋ, 1974, ಜೇಬು ಹೊರಗೆ. ಮೂಲಪ್ರತಿ, ನೋಡಿ ಹಿಂದಿರುಗಿಸುವುದು.
4. ಜವಾನ ಕರಬಸಪ್ಪನ ಕತೆ, ಎರಡು ಪುಟ. ಇದನ್ನು ಡಾಕ್ಟರಮ್ಮನವರು ಮೊದಲು ಮಿಠಾಯಿ ತಿನ್ನದೆ ಓದಿ, ನಗು ಬಾರದಿದ್ದಲ್ಲಿ, ಅರ್ಜಿದಾರರಿಗೆ ಔಷಧ ಅತ್ಯವಶ್ಯವೆಂಬುದಕ್ಕೆ ಪುರಾವೆಯೆಂದು ಕಡತದಲ್ಲಿ ಸೇರಿಸಿಕೊಳ್ಳಬೇಕಾಗಿ ಕೋರಿಕೆ.