ನನ್ನ ಗುಂಡಿಗೆ ಮದ್ದು

ಪುಡಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಪಾಮರ್ಸ್ಟನ್ ನಾರ್ತ್ ಎಂಬ ಹೊರದೇಶದ ಊರಿನ ಒಂದು ಪ್ರಯೋಗಾಲಯದಲ್ಲಿ ಹಾಲಿನ ಪುಡಿಯನ್ನು ಪರೀಕ್ಷಿಸುವುದೇ ನನ್ನ ಹೊಟ್ಟೆಪಾಡು. ಯಾವ ಪುಡಿ ಸಲೀಸಾಗಿ ಜಾರುತ್ತದೆ, ಯಾವುದು ಗಂಟು ಕಟ್ಟುತ್ತದೆ, ಯಾವುದು ಹಿಡಿಯಷ್ಟೇ ಇದ್ದರೂ ಡಬ್ಬಿ ತುಂಬ ಉಬ್ಬಿ ಕೂರುತ್ತದೆ ಎಂಬುದನ್ನು ನಾನು ಕಣ್ಣಳತೆಯಲ್ಲೇ ಹೇಳಬಲ್ಲೆ. ಆದ್ದರಿಂದ ಪಿಸ್ತೂಲಿನ ಗುಂಡಿಗೆ ತುಂಬುವ ಮದ್ದಿನ ಪುಡಿಯನ್ನು ನೀನೇ ಆರಿಸಿಕೋ ಎಂದು ಗ್ರೇಮ್ ಹೇಳಿದಾಗ ನಾನು ನಕ್ಕುಬಿಟ್ಟೆ. ಇದೂ ಒಂದು ಕೆಲಸವೇ!

ಗ್ರೇಮ್ ನನ್ನ ಜೊತೆ ಕೆಲಸ ಮಾಡಿ ನಿವೃತ್ತನಾದವನು. ಶನಿವಾರಗಳಂದು ಸೇರುವ ಪಿಸ್ತೂಲ್ ಕ್ಲಬ್ಬಿಗೆ ನನ್ನನ್ನು ಸೇರಿಸಿದವನೂ ಅವನೇ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಕಾರು ತಿರುಗಿಸುವ ನನ್ನಂಥವನ ಕೈಗೆ ಪಿಸ್ತೂಲು ಕೊಟ್ಟವರಿಗೆ ಬುದ್ಧಿ ಇದೆಯೇ ಎಂದು ನೀವು ಕೇಳಬಹುದು. ಆದರೆ ಹೆದರಿಕೆಗೂ ಒಂದು ಉಪಯೋಗವಿದೆ. ಪಿಸ್ತೂಲು ಹಿಡಿದರೆ ಹೆದರಿಕೆಗೆ ನಾನು ಕಲ್ಲಾಗುತ್ತೇನೆ. ಕೈ ಅಲುಗುವುದಿಲ್ಲ! ಕಾಗದದ ಗುರಿಯ ನಡುವಿಗೆ, ಸ್ವಲ್ಪ ಎಡಕ್ಕೆ, ಗುಂಡು ಬೀಳುತ್ತದೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಯಾವುದೋ ಒಂದು ಆಟದಲ್ಲಿ ನನ್ನ ಹೆಸರು ಫಲಕದ ಮೇಲೆ ಬಂದಿತ್ತು.

ಕ್ಲಬ್ಬಿನ ಹಳಬರೆಲ್ಲ ತಮ್ಮ ಗುಂಡುಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಸೀಸವನ್ನು ಕರಗಿಸಿ ಅಚ್ಚಿಗೆ ಹೊಯ್ದ ಗುಂಡುಗಳನ್ನು ಗ್ರೇಮ್ ಕೊಡುತ್ತಾನೆ. ಹಿತ್ತಾಳೆಯ ಪುಟ್ಟ ಕೊಳವೆಗೆ ಮದ್ದು ಹಾಕಿ, ಬಾಯಿಗೆ ಸೀಸದ ಗುಂಡು ಕೂರಿಸಿದರೆ ಆಯಿತು. ಪ್ರಶ್ನೆ ಇರುವುದು ಮದ್ದಿನದು. ಒಂದು ಜಾತಿಯ ಮದ್ದು ಬಲು ಗಟ್ಟಿ. ಚಿಟಿಕೆಯಷ್ಟು ಸಾಕು, ಕೊಳವೆಯ ತಳದಲ್ಲಿ ಕಾಣಿಸದಂತೆ ಕೂತುಬಿಡುತ್ತದೆ. ಮರೆತು ಎರಡು ಸಲ ಹಾಕಿದರೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಪಿಸ್ತೂಲು ಒಡೆದಾಗಲೇ! ಇನ್ನೊಂದು ಮಂಡಕ್ಕಿಯ ಹಾಗೆ ಉಬ್ಬಿದ ಮದ್ದು. ಎರಡು ಸಲ ಹಾಕಿದರೆ ಕೊಳವೆಯಿಂದ ಹೊರಗೆ ಚೆಲ್ಲಿ, ‘ಅಯ್ಯಾ, ಹಾಕಿಯಾಯಿತು’ ಎಂದು ತಾನೇ ಹೇಳುತ್ತದೆ. ಆದರೆ ಅಳೆಯುವ ಯಂತ್ರದಲ್ಲಿ ಆಗಾಗ ಸಿಕ್ಕಿಕೊಳ್ಳುತ್ತದೆಯಂತೆ. ಸೀಸ ಮೆದುವಾದ್ದರಿಂದ ಯಾವ ಮದ್ದಾದರೂ ಗುಂಡು ಮೆಲ್ಲಗೆ ಹೋಗಬೇಕು. ಕೈಪಿಡಿಯಲ್ಲಿದ್ದ ಅಳತೆಯನ್ನು ಮೀರುವಂತಿಲ್ಲ.

ಉತ್ತರ ನನಗೆ ಮೊದಲ ದಿನವೇ ಹೊಳೆದಿತ್ತು. ಉಬ್ಬಿದ ಮದ್ದು! ಅದಾದ ಮೇಲೂ ಎರಡು ವಾರ ಯೋಚಿಸಿದೆ. ಉತ್ತರ ಸುಲಭವಾಗಿ ಹೊಳೆಯಿತೆಂಬುದೇ ನನ್ನ ಚಿಂತೆಗೆ ಕಾರಣ.

ಊಟಕ್ಕೆ ಕೂತಾಗಲೆಲ್ಲ ಇದೇ ಮಾತು ಕೇಳಿ ಕೇಳಿ ನನ್ನ ಹೆಂಡತಿ ವೀಣಾ ಸೌಟು ಕೆಳಗಿಟ್ಟಳು.

“ರೀ, ಒಂದು ಮಾತು ಕೇಳಿ. ಶನಿವಾರದೊಳಗೆ ಆ ಪುಡಿ ಯಾವುದು ಅಂತ ನೀವೇ ತೀರ್ಮಾನ ಮಾಡ್ಕೋಬೇಕು. ನನ್ನ ತಲೆ ತಿನ್ನಬಾರದು. ಇಲ್ದಿದ್ರೆ ಪಿಸ್ತೂಲು ಮಾರಿಬಿಡಿ, ಕೇರಂ ಬೋರ್ಡ್ ತಂದ್ಕೊಡ್ತೀನಿ.”

“ತೀರ್ಮಾನ ಆಗೇ ಹೋಗಿದೆ ಕಣೇ. ಖಚಿತ ಮಾಡ್ಕೋತಾ ಇದೀನಿ ಅಷ್ಟೇ.”

“ಆ ಖಚಿತಾನೇ ಬೇಡ ಅಂದಿದ್ದು ನಾನು!”

ಪಿಸ್ತೂಲು ಉಳಿಯಬೇಕಾದರೆ ಅವಳನ್ನು ಬಿಟ್ಟು ಬೇರೆ ಯಾರನ್ನಾದರೂ ಕೇಳಬೇಕು. ಊರಿನ ಕನ್ನಡಿಗರ ವಾಟ್ಸಪ್ ಗುಂಪಿನಲ್ಲಿ ಯಾರೋ ಬೇಟೆಗೆ ಹೋಗುತ್ತಾರೆಂದು ಕೇಳಿದ್ದೆ. ಅದು ನವೆಂಬರ್. ರಾಜ್ಯೋತ್ಸವದ ತಿಂಗಳು ಪೂರ್ತಿ ಗುಂಪಿನಲ್ಲಿ ಅಚ್ಚಗನ್ನಡವೇ ಬರೆಯಬೇಕು, ಇಂಗ್ಲಿಷ್ ಪದ ನುಸುಳಿಸಿದವರು ಮುಂದಿನ ಕೂಟಕ್ಕೆಲ್ಲ ಕೇಸರಿಬಾತ್ ಮಾಡಿ ತರಬೇಕು ಎಂದು ಕಟ್ಟಳೆ. ನಾನು ಕೆಲಸಕ್ಕೆ ಹೊರಡುವ ಮುನ್ನ ಕಾರಿನಲ್ಲೇ ಕೂತು ಬರೆದೆ. ಪಿಸ್ತೂಲು ಎಂಬುದು ಕನ್ನಡವೋ ಇಂಗ್ಲಿಷೋ ಅನುಮಾನ ಬಂತು. ಅಳಿಸಿದೆ. ಸೀಸ ಎಂದರೆ ಯಾರಾದರೂ ಸೀಸೆ ಎಂದು ಓದಿ ನನ್ನನ್ನು ಕುಡುಕನೆಂದುಕೊಂಡಾರು ಎನಿಸಿತು. ಅದನ್ನೂ ಅಳಿಸಿದೆ. ಉಳಿದದ್ದು ಹೀಗಿತ್ತು:

‘ಬಂಧುಗಳೇ, ನನ್ನ ಗುಂಡಿಗೆ ಮದ್ದು ಯಾವುದು ಒಳ್ಳೆಯದೆಂದು ಅನುಭವಸ್ಥರು ತಿಳಿಸಬೇಕಾಗಿ ಕೋರಿಕೆ. ತುಸು ಹೆಚ್ಚುಕಡಿಮೆಯಾದರೂ ಒಡೆದುಹೋಗುವ ಭಯವಿದೆ. ಶನಿವಾರದೊಳಗೆ ತೀರ್ಮಾನವಾಗಬೇಕು. ಮನೆಯವಳಿಗೆ ತಿಳಿಯಬಾರದು.’

ಒಂದಾದರೂ ಇಂಗ್ಲಿಷ್ ಪದ? ಇಲ್ಲ! ಹೆಮ್ಮೆಯಿಂದ ಕಳಿಸಿ, ಪ್ರಯೋಗಾಲಯದ ನಿಯಮದಂತೆ ಫೋನನ್ನು ಲಾಕರಿನಲ್ಲಿಟ್ಟು ಹಾಲಿನ ಪುಡಿಯ ಸೇವೆಗೆ ತೆರಳಿದೆ. ಸಂಜೆ ಅದನ್ನು ತೆಗೆದಾಗ ಚಾರ್ಜ್ ಮುಗಿದು ಸತ್ತಿತ್ತು.

ಮನೆಗೆ ಬಂದರೆ ಅಂಗಳದ ತುಂಬ ಕಾರುಗಳು, ಬಾಗಿಲಲ್ಲಿ ರಾಶಿ ಚಪ್ಪಲಿ. ಒಳಗೆ ಅರ್ಧ ಕನ್ನಡ ಸಂಘವೇ ಪಿಸುಗುಡುತ್ತ ಕೂತಿತ್ತು. ನಾನು ಕಾಲಿಟ್ಟದ್ದೇ ಎಲ್ಲರೂ ಎದ್ದರು. ಅನುಭವಸ್ಥರು ತಿಳಿಸಿ ಎಂದರೆ ಖುದ್ದಾಗಿ ಬಂದೇ ಬಿಟ್ಟಿದ್ದಾರಲ್ಲ! ನಮ್ಮವರ ಈ ಗುಣಕ್ಕೆ ಮನಸ್ಸು ತುಂಬಿಬಂತು.

ಧಾರವಾಡದ ಬಸವರಾಜ, ಇಲ್ಲಿ ಸೇತುವೆ ಕಟ್ಟಿಸುವ ಇಂಜಿನಿಯರು, ನನ್ನ ತೋಳು ಹಿಡಿದು ಸೋಫಾದ ಮೇಲೆ ಕೂರಿಸಿದ.

“ಸಾವಕಾಶ ಕೂಡ್ರಿ ಸರ. ಯಾವಾಗಿಂದ ಐತ್ರೀ ಇದು?”

“ಎರಡು ವರ್ಷ ಆಯ್ತು. ಶನಿವಾರ ಮಾತ್ರ.”

“ಶನಿವಾರ ಮಾತ್ರಾನಾ?” ಎಂದರು ಶಾರದಾ ಆಂಟಿ. ಮಗನ ಮನೆಯಲ್ಲಿರುವ, ಊರಿನ ಕನ್ನಡಿಗರಿಗೆಲ್ಲ ಹಿರಿಯರಾದ ಮೈಸೂರಿನವರು.

“ಹೂಂ ಆಂಟಿ. ಜೋರು ಮಳೆ ಬಂದ್ರೆ ಅದೂ ಇಲ್ಲ.”

ಅವರು ಬಸವರಾಜನ ಮುಖ ನೋಡಿದರು.

“ಎಡಕ್ಕ ಏನರೆ ಎಳಿತದೇನ್ರೀ?” ಬಸವರಾಜ ದನಿ ತಗ್ಗಿಸಿದ.

ಬೇಟೆಗೆ ಹೋಗುವವನು ಇವನೇ ಎಂದು ನನಗೆ ಖಾತ್ರಿಯಾಯಿತು. ಎಷ್ಟು ಕರಾರುವಾಕ್ಕಾದ ಪ್ರಶ್ನೆ!

“ಎಳೆಯುತ್ತೆ! ಮೊದಲಿನಿಂದಲೂ ಎಡಕ್ಕೇ.”

“ಸಪ್ಪಳಾ?”

“ಢಂ ಅಂತ. ಪಕ್ಕದಲ್ಲಿ ನಿಂತವರೂ ಕಿವಿ ಮುಚ್ಕೋಬೇಕು.”

“ಶಿವನೇ!” ಆಂಟಿ ಎದೆಯ ಮೇಲೆ ಕೈಯಿಟ್ಟುಕೊಂಡರು. “ಡಾಕ್ಟ್ರು ಏನಂದ್ರಪ್ಪಾ?”

“ಡಾಕ್ಟ್ರಿಗೂ ಇದಕ್ಕೂ ಏನು ಸಂಬಂಧ ಆಂಟಿ? ಗ್ರೇಮ್ ನೋಡಿದ. ಉಸಿರು ಬಿಗಿಹಿಡಿ, ಹೆದರಬೇಡ, ಒಳ್ಳೇ ಮದ್ದು ಹಾಕಿದ್ರೆ ಎಲ್ಲ ಸರಿಹೋಗುತ್ತೆ ಅಂದ.”

ಅಡುಗೆಮನೆಯ ಬಾಗಿಲಲ್ಲಿ ವೀಣಾ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಗೊತ್ತಾಗಿಬಿಟ್ಟಿದೆ! ಪಿಸ್ತೂಲು ಹೋಯಿತು!

“ನನಗೊಂದು ಮಾತು ಹೇಳ್ಬಾರ್ದಿತ್ತೇನ್ರೀ?” ಎಂದಳು.

“ನೀನೇ ಹೇಳಿದ್ದೆಯಲ್ಲ, ಪುಡಿ ವಿಷಯದಲ್ಲಿ ತಲೆ ತಿನ್ನಬೇಡಿ ಅಂತ...”

ಪುಡಿ ಎಂದದ್ದೇ ತಡ, ಶಾರದಾ ಆಂಟಿ ಬ್ಯಾಗಿನಿಂದ ಒಂದು ಉಪ್ಪಿನಕಾಯಿ ಬಾಟಲಿ ತೆಗೆದರು. ಅದರ ತುಂಬ ಕಂದು ಬಣ್ಣದ ಪುಡಿ.

“ತಗೋಪ್ಪಾ. ನಮ್ಮೆಜಮಾನ್ರಿಗೆ ಇದೇ ಹಾಕ್ತಿದ್ದೆ. ಇದಕ್ಕಿಂತ ಒಳ್ಳೇ ಮದ್ದಿಲ್ಲ.”

ಆಂಟಿಯ ಯಜಮಾನರೂ ಪಿಸ್ತೂಲಿನವರೇ! ಆದರೆ ಮದ್ದನ್ನು ಅದರ ಮೂಲ ಡಬ್ಬಿಯಿಂದ ಬೇರೆ ಡಬ್ಬಿಗೆ ಹಾಕಲೇಬಾರದೆಂಬುದು ಮೊದಲ ನಿಯಮ. ಇವರು ಉಪ್ಪಿನಕಾಯಿ ಬಾಟಲಿಗೆ ತುಂಬಿ, ಬ್ಯಾಗಿನಲ್ಲಿ ತಂದಿದ್ದಾರೆ! ವೃತ್ತಿಯ ಕಣ್ಣಿನಿಂದ ಬಾಟಲಿಯನ್ನು ಓರೆ ಮಾಡಿ ನೋಡಿದೆ.

“ಆಂಟಿ, ಇದು ತೀರ ನುಣ್ಣಗಿದೆ. ಧಗ್ ಅಂತ ಉರಿದುಬಿಡುತ್ತೆ.”

“ಉರಿ ಗಿರಿ ಏನೂ ಇಲ್ಲ ಕಣೋ, ತಂಪು. ವೀಣಾ, ಒಲೆ ಹಚ್ಚಮ್ಮ, ಹಾಲಲ್ಲಿ ಹಾಕಿ ಕುದಿಸ್ಕೊಡೋಣ.”

“ಒಲೆನಾ!”

ನಾನು ಬಾಟಲಿಯನ್ನು ಎದೆಗವಚಿಕೊಂಡು ಹಿತ್ತಲಿಗೆ ಓಡಿದೆ. “ಯಾರೂ ಹತ್ರ ಬರಬೇಡಿ!” ಎಂದು ಕೂಗಿದೆ. ಯಾರು ಕೇಳುತ್ತಾರೆ? ಇಡೀ ಸಂಘ ಹಿಂದೆಯೇ ಬಂತು. ಬಸವರಾಜ ನಿಂಬೆಗಿಡದ ಬುಡದಲ್ಲಿ ನನ್ನನ್ನು ಹಿಡಿದು, ಹುಲ್ಲಿನ ಮೇಲೆ ಅಂಗಾತ ಮಲಗಿಸಿ, ಅಂಗಿಯ ಗುಂಡಿ ಬಿಚ್ಚತೊಡಗಿದ.

“ಅಂಬ್ಯುಲೆನ್ಸಿಗೆ ಫೋನ್ ಹಚ್ರೀ! ಸರದು ಗುಂಡಿಗಿ ನಿಲ್ಲಾಕತ್ತೈತಿ!”

ಗುಂಡಿಗೆ! ಆ ಒಂದು ಪದದಲ್ಲಿ ಬೆಳಗಿನ ನನ್ನ ಸಂದೇಶ ಸಾಲು ಸಾಲಾಗಿ ಕಣ್ಣ ಮುಂದೆ ನಿಂತಿತು.

“ಅಯ್ಯೋ, ಹೃದಯ ಅಲ್ಲ!” ಮಲಗಿದಲ್ಲಿಂದಲೇ ಅರಚಿದೆ. “ಗುಂಡು! ಗುಂಡು, ಗುಂಡಿಗೆ! ಚತುರ್ಥೀ ವಿಭಕ್ತಿ!”

ಬಸವರಾಜ ಬಗ್ಗಿ ನನ್ನ ಬಾಯಿ ಮೂಸಿದ.

“ಅಂದ್ರ ಸರ... ಶನಿವಾರಕ್ಕೊಮ್ಮೆ ಗುಂಡ್ ಹಾಕ್ತೀರೇನು?”

“ಎರಡು ವರ್ಷದಿಂದ!” ಎಂದು ಹಿಂದಿನಿಂದ ಯಾರೋ ನೆನಪಿಸಿದರು.

“ಆ ಗುಂಡೂ ಅಲ್ಲ! ಪಿಸ್ತೂಲು! ಪಿಸ್ತೂಲಿನ ಗುಂಡು! ಸೀಸದ್ದು!”

“ಸೀಸೆ ಲೆಕ್ಕದಾಗನ?” ಎಂದ ಬಸವರಾಜ, ಇನ್ನಷ್ಟು ಕನಿಕರದಿಂದ.

ಕೊನೆಗೆ ಬಿಡಿಸಿ ಹೇಳಿದವಳು ವೀಣಾ. ಹೇಳುತ್ತ ಹೇಳುತ್ತ ಅವಳ ಅಳು ಸಿಟ್ಟಾಗಿ ಮಾಗಿದ್ದನ್ನು ನಾನು ಹುಲ್ಲಿನ ಮೇಲಿಂದ ಗಮನಿಸಿದೆ. ಆಂಟಿ ಹೃದಯಕ್ಕೆಂದು ತಂದಿದ್ದ ಅರ್ಜುನ ಮರದ ತೊಗಟೆಯ ಪುಡಿಯನ್ನು ನನ್ನ ಕೈಯಿಂದ ಕಸಿದುಕೊಂಡು, “ಇಂಥವನಿಗೆ ಮದ್ದಿಲ್ಲ” ಎಂದು ಹೊರಟರು. ಉಳಿದವರು ನನ್ನ ಗುಂಡಿಗೆಗೆಂದು ಮನೆಯಿಂದ ಕುದಿಸಿ ತಂದಿದ್ದ ಬೆಳ್ಳುಳ್ಳಿ ಹಾಲನ್ನು ವ್ಯರ್ಥ ಮಾಡಬಾರದೆಂದು ನನಗೆ ಕುಡಿಸಿ ಹೋದರು.

ಬಾಗಿಲು ಹಾಕಿದ ವೀಣಾ ಸೊಂಟದ ಮೇಲೆ ಕೈಯಿಟ್ಟಳು.

“ಪಿಸ್ತೂಲು ಯಾವಾಗ ಮಾರ್ತೀರಾ?”

“ನಿನ್ನ ತಲೆ ತಿನ್ನಬಾರದು ಅಂತ ತಾನೇ ಷರತ್ತು? ನಾನು ತಿಂದಿದ್ದು ಊರಿನವರ ತಲೆ!” ಎಂದೆ. ವಾದ ನನಗೇ ಮೆಚ್ಚುಗೆಯಾಯಿತು.

“ಸರಿ. ಈಗಿಂದೀಗ ಹೇಳಿ. ಯಾವ ಪುಡಿ? ‘ಆದರೆ’ ಅನ್ನೋ ಪದ ಬಂದ್ರೆ ಪಿಸ್ತೂಲು ಹೋಯ್ತು.”

ಯಂತ್ರದಲ್ಲಿ ಸಿಕ್ಕಿಕೊಂಡರೆ? ತೇವಕ್ಕೆ ಉಂಡೆಯಾದರೆ? ನಾಲಿಗೆಯ ತುದಿಗೆ ಬಂದ ‘ಆದರೆ’ಯನ್ನು ಬೆಳ್ಳುಳ್ಳಿ ವಾಸನೆಯ ಸಮೇತ ನುಂಗಿದೆ.

“ಉಬ್ಬಿದ್ದು!” ಎಂದೆ.

“ಖಂಡಿತಾ?”

“ಖಂಡಿತಾ!”

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಅಷ್ಟು ಗೌರವದಿಂದ ನೋಡಿದ್ದು ಅದೇ ಮೊದಲು. “ಶುಕ್ರವಾರ ಅಂಗಡಿಗೆ ನಾನೂ ಬರ್ತೀನಿ. ಅಲ್ಲಿ ಹೋಗಿ ಮನಸ್ಸು ಬದಲಾಯಿಸಿದ್ರೆ ನೋಡಿ ಮತ್ತೆ,” ಎಂದಳು.

ಬಂದೂಕಿನ ಅಂಗಡಿಯ ಮೆಟ್ಟಿಲನ್ನು ನಾನು ಸೇನಾಪತಿಯ ಗತ್ತಿನಲ್ಲಿ ಹತ್ತಿದೆ. ಲೈಸೆನ್ಸನ್ನು ಗಾಜಿನ ಮೇಲಿಟ್ಟೆ. ಗಡ್ಡದ ಅಂಗಡಿಯಾತನಿಗೆ ಮದ್ದಿನ ಗುಣಾವಗುಣ, ಉಬ್ಬು, ಜಾರು, ಸೀಸದ ಮೆದುತನ, ಎರಡು ಸಲ ತುಂಬುವ ಅಪಾಯ ಎಲ್ಲವನ್ನೂ ಸವಿಸ್ತಾರವಾಗಿ ವಿವರಿಸಿ, ಆದ್ದರಿಂದ ಸಕಲ ಪರ್ಯಾಯಗಳನ್ನು ತೂಗಿ ನೋಡಿ ಇಂಥದ್ದನ್ನೇ ಆರಿಸಿದ್ದೇನೆ ಎಂದು ಹೆಸರು ಹೇಳಿದೆ. ದನಿ ಒಂದಿಷ್ಟೂ ನಡುಗಲಿಲ್ಲ! ವೀಣಾ ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು.

“ಗುಡ್ ಚಾಯ್ಸ್, ಮೇಟ್,” ಎಂದ ಆತ, ಹಿಂದಿನ ಬೀರುವಿನ ಬೀಗ ತೆಗೆಯುತ್ತ.

ನಾನು ವೀಣಾಳತ್ತ ತಿರುಗಿ ಹುಬ್ಬು ಹಾರಿಸಿದೆ.

ಬೀರು ತೆರೆದುಕೊಂಡಿತು. ಮೇಲಿನ ಅರೆ ಖಾಲಿ. ನಡುವಿನ ಅರೆ ಖಾಲಿ. ಕೆಳಗಿನ ಅರೆಯಲ್ಲಿ ನಾನು ಹೇಳಿದ ಉಬ್ಬಿದ ಮದ್ದಿನ ಡಬ್ಬಿಗಳು ಮಾತ್ರ ಸಾಲಾಗಿ ಕೂತಿದ್ದವು.

“ಜುಲೈಯಿಂದ ಮದ್ದಿನ ಹಡಗೇ ಬಂದಿಲ್ಲ,” ಎಂದ ಆತ. “ಇಡೀ ಊರಲ್ಲಿ ಈಗ ಸಿಗೋದು ಇದೊಂದೇ.”

ವೀಣಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ಅಂಗಡಿಯಿಂದ ಹೊರಗೋಡಿದಳು. ನಾನು ಡಬ್ಬಿ ಹಿಡಿದು ಕಾರಿಗೆ ಬಂದಾಗಲೂ ನಗುತ್ತಲೇ ಇದ್ದಳು.

“ಅಂದ್ರೆ ರೀ, ಇಷ್ಟು ದಿನ ನೀವು ಒದ್ದಾಡಿ ಆರಿಸಿದ್ದು ಒಂದರಲ್ಲಿ ಒಂದನ್ನ!”

ನಾನು ಸೀಟ್ ಬೆಲ್ಟ್ ಹಾಕಿಕೊಂಡು, ಗಂಟಲು ಸರಿಪಡಿಸಿಕೊಂಡು, ಗಂಭೀರವಾಗಿಯೇ ಹೇಳಿದೆ:

“ಆದರೂ ಸರಿಯಾದ್ದನ್ನೇ ಆರಿಸಿದೆ, ನೋಡು!”