ದರ್ಜಿ ಹೊಲಿದ ದಾರಿ

"ಈ ಸಲ ಯಾರನ್ನೂ ದಾರಿ ಕೇಳೋದಿಲ್ಲ!" ಎಂದು ದರ್ಜಿ ಶಪಥ ಮಾಡಿಯೇಬಿಟ್ಟ. ಸಂಜೆ ತಂಗಿಯ ಮದುವೆ. ಮದುಮಗಳು ಇರುವುದು ಬೇರೆ ಊರಲ್ಲಿ, ಅವಳ ಮದುವೆಯ ಉಡುಪು ಇರುವುದು ಅಣ್ಣನ ಪೆಟ್ಟಿಗೆಯಲ್ಲಿ. ತಡವಾದರೆ ನೆಂಟರೆಲ್ಲ ಸೇರಿ ಯಾರಿಗೆ ಮಂಗಳಾರತಿ ಎತ್ತುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಿಂದೊಮ್ಮೆ ಫೋನಿನ ಮಾತು ಕೇಳಿ ಯಾರದೋ ಹಿತ್ತಲಿಗೆ ಕಾರು ನುಗ್ಗಿಸಿ ಬೈಸಿಕೊಂಡಿದ್ದ. ಅಂದಿನಿಂದ ನಂಬಿಕೆಯೆಲ್ಲ ಅಚ್ಚಾದ ನಕ್ಷೆಯ ಮೇಲೆ. ತೊಂದರೆಯೆಂದರೆ, ತಮ್ಮೂರು ಒಂದು ಹಾಳೆಯಲ್ಲಿ, ತಂಗಿಯ ಊರು ಇನ್ನೊಂದರಲ್ಲಿ. ಅದೇನು ಮಹಾ! ಚೌಕಳಿ ಬಟ್ಟೆಯ ಗೆರೆಗೆ ಗೆರೆ ಕೂಡಿಸಿ ಪಳಗಿದ ಕೈ. ದಾರಿಗೆ ದಾರಿ ಕೂಡಿಸಿ, ಎರಡೂ ಹಾಳೆಗಳನ್ನು ಮಿಷನ್ನಿಗೆ ಕೊಟ್ಟು ಕಟಕಟನೆ ಹೊಲಿದು, ಮೇಲೆ ಇಸ್ತ್ರಿಯನ್ನೂ ಎಳೆದ. ಹೆಂಡತಿ ಫೋನು ಎತ್ತಿಕೊಂಡದ್ದಕ್ಕೆ ಅವನು ಮುಖ ಊದಿಸಿಕೊಂಡ. ಅವಳು ಸುಮ್ಮನೆ ಅದನ್ನು ಮೇಜಿನ ಮೇಲಿಟ್ಟು ಕಾರು ಹತ್ತಿದಳು.

ಹೊಲಿಗೆಯವರೆಗೆ ದಾರಿ ನಕ್ಷೆ ಹೇಳಿದಂತೆಯೇ ಬಂತು. ಕವಲಿನಲ್ಲಿ ಹಾಲಿನವನು ಈ ಕಡೆ ಬೇಡವೆಂದು ಕೈ ಬೀಸಿ, ಇನ್ನೊಂದು ದಾರಿಯ ಕಡೆಗೆ ತೋರಿಸಿದ. ಶಪಥ ಮಾಡಿದವನು ನಿಲ್ಲುತ್ತಾನೆಯೇ? ಗತ್ತಿನಿಂದ ಹಾರನ್ ಹೊಡೆದು ಮುಂದೆ ಹೋದ. ಸ್ವಲ್ಪ ಹೊತ್ತಿಗೆ ರಸ್ತೆ ನೆಟ್ಟಗೆ ನೀರಿಗಿಳಿಯಿತು.

ಎದುರಿಗೆ ಆಚೆ ದಡ ಕಾಣದಂಥ ನದಿ! ದರ್ಜಿ ಗಕ್ಕನೆ ಬ್ರೇಕ್ ಒತ್ತಿದ. ಆದರೂ ಸೋಲಲಿಲ್ಲ.

"ಇಲ್ಲಿ ನದಿ ಇರೋ ಹಾಗೇ ಇಲ್ಲ. ಇದ್ರೆ ನಕ್ಷೇಲಿ ತೋರಿಸು."

ಹೆಂಡತಿ ನಕ್ಷೆಯನ್ನು ಮಗುಚಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ರೀ, ಹೊಲಿಯುವಾಗ ಅಂಚಲ್ಲಿ ಎಷ್ಟು ಒಳಗೆ ಬಿಟ್ರಿ?"

"ಎರಡೂ ಕಡೆ ಧಾರಾಳವಾಗಿ ಬಿಟ್ಟಿದ್ದೀನಿ. ನಾಳೆ ಬಿಚ್ಚಿ ಅಗಲ ಮಾಡ್ಬೇಕಾದ್ರೆ?"

ಅವಳು ತಲೆಯ ಪಿನ್ನು ತೆಗೆದು ಹೊಲಿಗೆ ಬಿಚ್ಚುತ್ತ ಹೋದಳು. ಮಡಿಕೆಯಿಂದ ನೀಲಿ ನದಿ ಬಿಚ್ಚಿಕೊಂಡು ಬಂತು, ಜೊತೆಗೆ ಸೇತುವೆಯೂ ಬಂತು. ಸೇತುವೆ ಇದ್ದದ್ದು ಹಾಲಿನವನು ಕೈ ತೋರಿದ ಕಡೆಯೇ.

ಕವಲಿಗೆ ಮರಳಿ ದರ್ಜಿ ಕಾರು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ದಾರಿ ಕೇಳಿದ.

ತಂಗಿಯ ಮನೆ ಮುಟ್ಟಿದಾಗ ಅರ್ಧ ನೆಂಟರು ಬಂದು ಕೂತಿದ್ದರು. ಉಡುಪನ್ನು ಕಸಿದುಕೊಂಡು ಕೋಣೆಗೆ ಓಡಿದ ತಂಗಿ, ಅಳುಮುಖ ಮಾಡಿಕೊಂಡು ಇಣುಕಿದಳು. "ಅಣ್ಣಾ, ಇದು ಬಿಗಿಯಾಗಿದೆ. ಒಳಗೆ ಸ್ವಲ್ಪನಾದ್ರೂ ಬಟ್ಟೆ ಬಿಟ್ಟಿದ್ದೀಯಾ?"

ದರ್ಜಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಮತ್ತೆ ತಲೆಯ ಪಿನ್ನು ತೆಗೆದಾಗಿತ್ತು.

"ಅಳಬೇಡ್ವೇ. ಕಾಗದಕ್ಕೇ ಒಂದು ನದಿ ಹಿಡಿಯೋಷ್ಟು ಬಿಟ್ಟೋರು, ನಿನಗೆ ಬಿಡದೇ ಇರ್ತಾರಾ?"