ಮನೆಮನೆ ತಲುಪಿದ ಪುಸ್ತಕ

“ಮೂರು ಹೆಜ್ಜೆ, ಕೌಸಲ್ಯಾ! ಬರೀ ಮೂರೇ ಹೆಜ್ಜೆ! ಯುಗಾದಿ ಬರೋದ್ರೊಳಗೆ ಇಡೀ ಫೇಸ್‌ಬುಕ್ಕನ್ನೇ ಅಳೆದುಬಿಡ್ತೀನಿ!”

2018ರ ಜನವರಿಯ ಒಂದು ಭಾನುವಾರ ಯಲಹಂಕ ಉಪನಗರದ ತಮ್ಮ ಮನೆಯ ಹಾಲಿನಲ್ಲಿ ನಿಂತು ತ್ರಿವಿಕ್ರಮರು ಹೀಗೆ ಗುಡುಗಿದಾಗ, ಅವರ ಹೆಂಡತಿ ಕೌಸಲ್ಯಾ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಅಳೆಯೋದು ಆಮೇಲೆ. ಮೊದಲು ಈ ಸಿಪ್ಪೆ ಆಚೆ ಹಾಕಿ ಬನ್ನಿ.”

ಮಹತ್ಕಾರ್ಯಗಳಿಗೆ ಮನೆಯಲ್ಲಿ ಸಿಗುವ ಬೆಂಬಲ ಇಷ್ಟೇ! ತ್ರಿವಿಕ್ರಮರು ಯಶವಂತಪುರದ ಒಂದು ವಿಮಾ ಕಚೇರಿಯಲ್ಲಿ ಹೆಡ್ ಕ್ಲರ್ಕ್. ಕಚೇರಿಗೆ ಅವರು ಗುಮಾಸ್ತರಿರಬಹುದು, ಸ್ವಂತ ಲೆಕ್ಕದಲ್ಲಿ ಕಥೆಗಾರರು. ಎರಡು ವರ್ಷದ ಹಿಂದೆ ‘ಖಾಲಿ ಬೆಂಚಿನ ಮೇಲಿನ ಕೊಡೆ’ ಎಂಬ ಕಥಾಸಂಕಲನ ತಂದಿದ್ದರು. ಈಗ ಎರಡನೆಯದು ಸಿದ್ಧವಾಗಿತ್ತು. ದಿನವೂ ಬೆಳಿಗ್ಗೆ ಐದಕ್ಕೆದ್ದು ಕೆಮ್ಮುತ್ತಾ ಬರೆದ ಹನ್ನೊಂದು ಕಥೆಗಳು. ಅವು ಅಚ್ಚಾಗದಿದ್ದರೆ ತಾವು ಬದುಕಿದ್ದೇ ದಂಡ ಎಂದು ಅವರಿಗೆ ನಿಜವಾಗಿಯೂ ಅನ್ನಿಸುತ್ತಿತ್ತು.

ಆದರೆ ಪ್ರಕಾಶಕ ಮಹೇಂದ್ರ ಹಸ್ತಪ್ರತಿಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. “ಕಥೆ ಹೆಂಗಿದೆ ಅನ್ನೋದು ಆಮೇಲೆ ಸಾರ್. ಫೇಸ್‌ಬುಕ್ಕಲ್ಲಿ ಒಂದು ಪೇಜ್ ಮಾಡಿ. ಯುಗಾದಿಯೊಳಗೆ ಸಾವಿರ ಲೈಕ್ ಬಂದ್ರೆ ಪ್ರಿಂಟಿಗೆ ಕಳಿಸ್ತೀನಿ. ಇಲ್ಲಾಂದ್ರೆ ಫೈಲ್ ವಾಪಸ್.”

ಸರಿ, ಮೊದಲನೇ ಹೆಜ್ಜೆ! ಖಾದಿ ಜುಬ್ಬಾ ತೊಟ್ಟು, ಸೂರ್ಯೋದಯಕ್ಕೆ ಸರಿಯಾಗಿ ಜಕ್ಕೂರು ಕೆರೆಯ ಏರಿಯ ಮೇಲೆ ಗಲ್ಲಕ್ಕೆ ಕೈಕೊಟ್ಟು ನಿಂತು ಫೋಟೊ ತೆಗೆಸಿಕೊಂಡರು. ಕೆಳಗೆ ‘ಮೌನವೇ ನನ್ನ ಮಾತು’ ಎಂದು ಬರೆದು ಪೇಜಿಗೆ ಹಾಕಿದರು. ಹನ್ನೊಂದು ಲೈಕು ಬಿತ್ತು. ಅದರಲ್ಲಿ ಎರಡು ಅವರವೇ! ಬಂದ ಕಾಮೆಂಟುಗಳು ಎರಡು. ಒಬ್ಬರು, “ಕೆರೆ ಕ್ಲೀನ್ ಆಗಿದೆಯಲ್ಲ ಸಾರ್, ವಾಕಿಂಗಿಗೆ ಎಷ್ಟು ಗಂಟೆಗೆ ಬಿಡ್ತಾರೆ?” ಎಂದು ಕೇಳಿದ್ದರು. ಇನ್ನೊಂದು ಬಡಾವಣೆ ಸಂಘದ ಕಾರ್ಯದರ್ಶಿಯದು: “ಮೌನ ಅಂದ್ರೆ ಈ ತಿಂಗಳ ಮೀಟಿಂಗಿಗೂ ಬರಲ್ವಾ?”

ತ್ರಿವಿಕ್ರಮರು ಎದೆಗುಂದಲಿಲ್ಲ. ಅವರ ಹತ್ತಿರ ಬ್ರಹ್ಮಾಸ್ತ್ರವೇ ಇತ್ತು. ಪುಸ್ತಕ ಬಂದಾಗಿನಿಂದ ನೆಂಟರಿಷ್ಟರ ಮದುವೆ, ನಾಮಕರಣ, ಗೃಹಪ್ರವೇಶ ಯಾವುದಕ್ಕೆ ಹೋದರೂ ಅವರ ಉಡುಗೊರೆ ಒಂದೇ. ಕೌಸಲ್ಯಾ ಸುರುಳಿಗಟ್ಟಲೆ ತಂದಿಟ್ಟಿದ್ದ ನೀಲಿ ಹಂಸಗಳ ಚಿತ್ರವಿದ್ದ ಬಣ್ಣದ ಕಾಗದದಲ್ಲಿ ಸುತ್ತಿದ ‘ಖಾಲಿ ಬೆಂಚಿನ ಮೇಲಿನ ಕೊಡೆ’! ಹಾಗೆ ಇನ್ನೂರು ಮನೆಗೆ ಹೋಗಿತ್ತು. ಅಂದರೆ ಇನ್ನೂರು ಮನೆಯ ಓದುಗರು! ಎರಡನೇ ಹೆಜ್ಜೆಯಾಗಿ ಪೇಜಿನಲ್ಲಿ ಕರೆ ಕೊಟ್ಟರು: “ನನ್ನ ಪುಸ್ತಕದೊಂದಿಗೆ ನಿಮ್ಮ ಸೆಲ್ಫಿ ಕಳಿಸಿ!”

ಒಂದು ವಾರ ಕಾದರು. ಒಂದೇ ಒಂದು ಸೆಲ್ಫಿ ಬರಲಿಲ್ಲ. ನಾಗಸಂದ್ರದಲ್ಲಿದ್ದ ತಂಗಿ ಶಶಿರೇಖಾಗೆ ಫೋನು ಮಾಡಿದರು.

“ಅಯ್ಯೋ ಅಣ್ಣಾ, ನಿನ್ ಪುಸ್ತಕಾನ ಬೀರುವಲ್ಲಿ ಭದ್ರವಾಗಿಟ್ಟಿದ್ದೀನಿ. ಬೀಗದ ಕೈಯೇ ಸಿಗ್ತಿಲ್ಲ ನೋಡು!”

ಕಚೇರಿಯ ಸಹೋದ್ಯೋಗಿ ಶ್ರೀರಾಮಪ್ಪ ಅದೇ ನಾಗಸಂದ್ರದವರು, ಶಶಿರೇಖಾ ಮನೆಯ ಪಕ್ಕದವರು. ಅವರಂತೂ ಇನ್ನೂ ನಯವಾಗಿ ಹೇಳಿದರು: “ಕೋಗಿಲು ಊರಲ್ಲಿರೋ ನಮ್ಮತ್ತೆ ಓದ್ತಿದ್ದಾರೆ ಸಾರ್. ಕೈಯಿಂದ ಕೆಳಗೇ ಇಡ್ತಿಲ್ಲ!”

ತ್ರಿವಿಕ್ರಮರಿಗೆ ಕಣ್ಣು ತುಂಬಿ ಬಂತು. ಆದರೆ ಲೈಕು ತುಂಬಬೇಕಲ್ಲ! ಮಾರ್ಚ್ ಬಂದರೂ ಎಣಿಕೆ ನಲವತ್ತಮೂರು ದಾಟಿರಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದೇ ಮೂರನೇ ಹೆಜ್ಜೆ. ಮಾರ್ಚ್ ಮೊದಲ ಭಾನುವಾರ ಅವರ ಮದುವೆಯ ಇಪ್ಪತ್ತೈದನೇ ವರ್ಷದ ಊಟ. ಅವತ್ತು ಬಂದ ಉಡುಗೊರೆಗಳನ್ನು ಫೇಸ್‌ಬುಕ್ ಲೈವಿನಲ್ಲಿ ಬಿಚ್ಚುವುದು! ಹಾಲಿನ ಮಧ್ಯೆ ಟೇಬಲ್ ಹಾಕಿ, ತುಪ್ಪದ ಜಾಡಿಗೆ ಫೋನು ಒರಗಿಸಿದರು. ಬರಲಾಗದವರೆಲ್ಲ ಕಡ್ಡಾಯವಾಗಿ ನೋಡಬೇಕೆಂದು ಅಪ್ಪಣೆ ಹೊರಡಿಸಿದರು.

“ರೀ, ಕೊಟ್ಟೋರ ಮುಂದೇನೇ ಬಿಚ್ಚಬಾರದು ಕಣ್ರೀ! ಇದೆಂಥ ಪದ್ಧತಿ?” ಎಂದು ಕೌಸಲ್ಯಾ ಹಲ್ಲು ಕಚ್ಚಿ ಪಿಸುಗುಟ್ಟಿದರು.

“ಇದಕ್ಕೆ ಅನ್‌ಬಾಕ್ಸಿಂಗ್ ಅಂತಾರೆ! ನಿನಗೇನ್ ಗೊತ್ತು!”

ಮೊದಲ ಪೊಟ್ಟಣ ಕೈಗೆತ್ತಿಕೊಂಡರು. ಕೊಟ್ಟವರು ಶ್ರೀರಾಮಪ್ಪನ ಅತ್ತೆ, ಕೋಗಿಲಿನ ಮುನಿಕೃಷ್ಣಮ್ಮ. ಅವರು ಎದುರಿಗೇ ಕೂತಿದ್ದರು.

“ಬಿಚ್ಚಿ ಸಾಮಿ. ಒಸದಾಗೇ ಐತೆ, ನಾವ್ಯಾರೂ ಮುಟ್ಟೇ ಇಲ್ಲ,” ಎಂದು ಮುನಿಕೃಷ್ಣಮ್ಮ ಧೈರ್ಯ ಕೊಟ್ಟರು.

ಗುಲಾಬಿ ಕಾಗದ ಹರಿದರೆ ಒಳಗೆ ಚಿನ್ನದ ಬಣ್ಣದ ಇನ್ನೊಂದು ಕಾಗದ! ಅದರ ಮೇಲೊಂದು ಚೀಟಿ. ತ್ರಿವಿಕ್ರಮರು ಉತ್ಸಾಹದಲ್ಲಿ ಗಟ್ಟಿಯಾಗಿ ಓದಿಯೇಬಿಟ್ಟರು: “‘ಅತ್ತೆಯವರ ಮೊಮ್ಮಗನ ನಾಮಕರಣಕ್ಕೆ. ಶ್ರೀರಾಮಪ್ಪ ಮತ್ತು ಕುಟುಂಬ.’”

“ಪಾಯಸ ಬಡಿಸ್ತಿದ್ದಾರೆ ಅನ್ಸುತ್ತೆ,” ಎಂದು ಶ್ರೀರಾಮಪ್ಪ ಎದ್ದು ಅಡುಗೆಮನೆಗೆ ಹೋದರು.

ಚಿನ್ನದ ಕಾಗದದೊಳಗೆ ಹಸಿರು ಕಾಗದ. “‘ಶ್ರೀರಾಮಪ್ಪನವರ ಮಗಳ ಮದುವೆಗೆ. ಪಕ್ಕದ ಮನೆ ಶಶಿರೇಖಾ.’” ತ್ರಿವಿಕ್ರಮರ ಧ್ವನಿ ಇಳಿಯತೊಡಗಿತು. ನೋಡುಗರ ಎಣಿಕೆ ಏರತೊಡಗಿತು! ಮನೆಯಿಂದಲೇ ನೋಡುತ್ತಿದ್ದ ಶಶಿರೇಖಾ ಗಾಬರಿಯಲ್ಲಿ ಕಾಮೆಂಟು ಹಾಕಿದಳು: “ಅಣ್ಣಾ, ಇಲ್ಲಿ ನೆಟ್‌ವರ್ಕೇ ಇಲ್ಲ. ಏನೂ ಕಾಣಿಸ್ತಿಲ್ಲ, ಕೇಳಿಸ್ತಿಲ್ಲ!”

ಹಸಿರು ಕಾಗದದೊಳಗೆ ನೀಲಿ ಹಂಸಗಳು ತೇಲುತ್ತಿದ್ದವು. ಅದರ ಚೀಟಿ ಓದುವ ಅಗತ್ಯವಿರಲಿಲ್ಲ. ‘ಗೃಹಪ್ರವೇಶದ ಶುಭಾಶಯಗಳು. ತ್ರಿವಿಕ್ರಮ, ಕೌಸಲ್ಯಾ.’ ಅಕ್ಷರ ಹೆಂಡತಿಯದೇ! ಮೂರು ಮನೆ ಸುತ್ತಿದರೂ ಒಬ್ಬರಾದರೂ ಬಿಚ್ಚಿರಲಿಲ್ಲ. ಕೈಗೆ ತೆಗೆದುಕೊಂಡ ತಕ್ಷಣ ಒಳಗೇನಿದೆಯೆಂದು ಎಲ್ಲರಿಗೂ ಗೊತ್ತಾಗಿತ್ತು!

ಹಂಸಗಳನ್ನೂ ಹರಿದು ಮೊದಲ ಪುಟ ತೆರೆದರು. ಅಲ್ಲಿ ಅವರದೇ ಕೈಬರಹ ಇತ್ತು: ‘ಈ ಪುಸ್ತಕದ ಮೊಟ್ಟಮೊದಲ ಪ್ರತಿ, ನನ್ನ ಪ್ರಾಣವಾದ ಕೌಸಲ್ಯಾಗೆ.’

ಮೂರನೇ ಹೆಜ್ಜೆ ನೇರವಾಗಿ ಅವರ ನೆತ್ತಿಯ ಮೇಲೇ ಬಿದ್ದಿತ್ತು. ಲೈವ್ ನಿಲ್ಲಿಸುವುದು ಹೇಗೆಂದು ತೋಚದೆ ಫೋನಿನ ಮೇಲೆ ಟವೆಲ್ ಮುಚ್ಚಿದರು.

ನೆಂಟರೆಲ್ಲ ಹೊರಟ ಮೇಲೆ ಸೋಫಾದ ಮೂಲೆಯಲ್ಲಿ ಮುದುಡಿ ಕೂತರು.

“ಊರೋರು ಹಾಳಾಗ್ಲಿ. ನೀನೂನಾ ಕೌಸಲ್ಯಾ?”

“ಇನ್ನೇನ್ರೀ ಮಾಡ್ಲಿ? ಶಶಿರೇಖಾ ಗೃಹಪ್ರವೇಶದ ದಿನ ಆಟೋದೋನು ಬಾಗಿಲಲ್ಲಿ ಹಾರನ್ ಹೊಡೀತಿದ್ದ. ಪುಸ್ತಕದ ಡಬ್ಬ ಮಂಚದ ಕೆಳಗೆ, ಮಂಚದ ಮೇಲೆ ನೀವು ಗೊರಕೆ! ಕೈಗೆ ಸಿಕ್ಕಿದ್ದು ದಿಂಬಿನ ಪಕ್ಕದಲ್ಲಿದ್ದ ಇದೊಂದೇ.”

“ಒಂದು ಸಲ ಓದಿದ್ರೆ ಕೊಡೋಕೆ ಮನಸ್ಸು ಬರ್ತಿರ್ಲಿಲ್ಲ.”

ಕೌಸಲ್ಯಾ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಪ್ರೂಫ್ ತಿದ್ದಿದ್ದು ಯಾರ್ರೀ? ಮೂರು ಸಲ ಓದಿದ್ದೀನಿ! ನಾಲ್ಕನೇ ಕಥೇಲಿ ನೀವು ಸಾಯಿಸಿದ ಅಜ್ಜಿ ಎರಡು ಪುಟ ಆದ್ಮೇಲೆ ಎದ್ದು ಕಾಫಿ ಕುಡೀತಿದ್ಲು. ಅವಳನ್ನ ಮತ್ತೆ ಮಲಗಿಸಿದ್ದು ನಾನು!”

ಇಡೀ ಭೂಮಂಡಲದಲ್ಲಿ ತ್ರಿವಿಕ್ರಮರಿಗಿದ್ದ ಏಕೈಕ ಓದುಗಾರ್ತಿ ಇಪ್ಪತ್ತೈದು ವರ್ಷದಿಂದ ಅದೇ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು!

ಮರುದಿನ ಬೆಳಿಗ್ಗೆ ಮಹೇಂದ್ರನ ಫೋನು ಬಂತು. ಆ ವಿಡಿಯೋ ಊರೆಲ್ಲ ಹಬ್ಬಿ ಲೈಕು ಸಾವಿರದ ನಾನೂರು ದಾಟಿತ್ತು.

“ಪುಸ್ತಕ ತರ್ತಿದ್ದೀವಿ ಸಾರ್! ಒಂದೇ ಬದಲಾವಣೆ. ಮುಖಪುಟದ ಮೇಲೆ ಗಿಫ್ಟ್ ಪೇಪರ್ ನಾವೇ ಸುತ್ತಿ ಕೊಡ್ತೀವಿ. ‘ಇವರಿಂದ, ಇವರಿಗೆ’ ಅಂತ ಹತ್ತು ಗೆರೆ ಖಾಲಿ ಬಿಟ್ರೆ ಜನಕ್ಕೆ ಅನುಕೂಲ!”

ಫೋನಿಟ್ಟು ತಿರುಗಿದರೆ ಕೌಸಲ್ಯಾ ಟೇಬಲ್ಲಿನ ಮೇಲೆ ನೀಲಿ ಹಂಸಗಳನ್ನು ಹರಡಿ, ಅದೇ ಪುಸ್ತಕವನ್ನು ಮಧ್ಯದಲ್ಲಿಟ್ಟು ಕಾಗದ ಮಡಿಸುತ್ತಿದ್ದರು.

“ನಾಡಿದ್ದು ಎದುರುಮನೆ ಕಲಾವತಿ ಮಗಳ ಸೀಮಂತ. ಇಲ್ಲಿ ಸ್ವಲ್ಪ ಬೆರಳಿಡಿ.”

“ಅಯ್ಯೋ, ಅದು ನಿನ್ನ ಪ್ರತಿ ಕಣೇ! ಮಂಚದ ಕೆಳಗೆ ಬೇಕಾದಷ್ಟಿವೆಯಲ್ಲ!” ಎನ್ನುತ್ತಲೇ ತ್ರಿವಿಕ್ರಮರು ಮಡಿಕೆಯ ಮೇಲೆ ಬೆರಳಿಟ್ಟರು.

ಕೌಸಲ್ಯಾ ಹಲ್ಲಿನಲ್ಲಿ ಟೇಪು ಕತ್ತರಿಸಿ, ಬೆರಳಿನ ಪಕ್ಕದಲ್ಲೇ ಒತ್ತಿ ಅಂಟಿಸಿದರು.

“ಅವುಗಳನ್ನ ಕೊಟ್ರೆ ಹೋದಲ್ಲೇ ಕೂತುಬಿಡ್ತವೆ ಕಣ್ರೀ. ಮನೆ ದಾರಿ ಗೊತ್ತಿರೋದು ಇದೊಂದಕ್ಕೇ. ಹೋಗಿ ಬರ್ಲಿ ಬಿಡಿ!”